ಕಾಲಿಲ್ಲದ ಮಂಚ

ಅಂಗೈಯಲ್ಲಿ ಅಡಗುವಷ್ಟು ಸಣ್ಣ ಎಣ್ಣೆ ಬಾಟಲಿಗೆ ಒಬ್ಬ ಗಂಡಸನ್ನು ಇಷ್ಟು ಕೆರಳಿಸುವ ಶಕ್ತಿಯಿದೆ ಎಂದು ಲೂರ್ದಮ್ಮನಿಗೆ ಆ ದಿನದವರೆಗೆ ಗೊತ್ತಿರಲಿಲ್ಲ.

"ಯಾರು ಕರದಿದ್ರು ನಿಮ್ಮನ್ನ? ಹೇಳ್ರಿ, ಯಾರು ಕರದಿದ್ರು?"

ಬಾಗಿಲಿಗೆ ಅಡ್ಡ ನಿಂತವನ ಕೈಯಲ್ಲಿ ಗರಗಸವಿತ್ತು. ತಲೆಗೂದಲು, ಹುಬ್ಬು, ತೋಳಿನ ಮೇಲೆಲ್ಲ ಕಟ್ಟಿಗೆಯ ಹೊಟ್ಟು. ಅಕ್ಕಿ ಗಿರಣಿಯ ಪಕ್ಕದ ತನ್ನ ಅಂಗಡಿಯಿಂದ ಹಾಗೆಯೇ ಓಡಿಬಂದಿದ್ದ, ಬಡಗಿ ಶೌರಪ್ಪ. ಮಾತು ಸಿಟ್ಟಿನದು. ಕಣ್ಣು ಮಾತ್ರ ಸಿಟ್ಟಿನದಲ್ಲ. ಎಲ್ಲಿ ತುಳುಕಿಬಿಡುತ್ತದೋ ಎಂದು ರೆಪ್ಪೆ ಬಡಿಯಲೂ ಹೆದರುತ್ತಿದ್ದ ಕಣ್ಣು ಅದು.

ಲೂರ್ದಮ್ಮ ನರ್ಸು. ರಕ್ತ, ಕೀವು ಕಂಡು ಹೆದರಿದವಳಲ್ಲ. ಆ ಕಣ್ಣು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಯಾರೂ ಕರದಿದ್ದಿಲ್ರಿ. ನಾನ ಫಾದರ್‌ನ್ನ ಕರಕೊಂಡು ಬಂದೆ."

"ಚಲೋ ಆತು. ಒಳಗ ಹೋಗಿ ನೋಡ್ರಿ, ನಿಮ್ಮ ಎಣ್ಣಿ ಏನ್ ಮಾಡ್ಯಾದಂತ."

ಎಂಬತ್ತೆರಡರ ಡಿಸೆಂಬರ್ ಅದು, ಕ್ರಿಸ್‌ಮಸ್ಸಿನ ಮುಂಚಿನ ದಿನಗಳು. ರಾಯಚೂರಿನಿಂದ ಫಾದರ್ ಅಂತಪ್ಪನವರೂ ಮಿಷನ್ ದವಾಖಾನೆಯ ಲೂರ್ದಮ್ಮನೂ ಒಂದೊಂದೇ ಧರ್ಮಕೇಂದ್ರಕ್ಕೆ ಹೋಗಿ ಸಭೆ ನಡೆಸುತ್ತಿದ್ದರು. ಹಾಸಿಗೆ ಹಿಡಿದವರನ್ನು ಆಗಲೇ ಸತ್ತವರಂತೆ ಕಾಣಬೇಡಿ, ಕೊನೆಯುಸಿರಿನ ತನಕ ಮನುಷ್ಯನ ಮಾನ ಮನುಷ್ಯನದೇ, ಎಂಬುದು ಅವರ ಮಾತು. ಪ್ರಾರ್ಥಿಸಿ ರೋಗಿಗಳ ಹಣೆಗೆ, ಅಂಗೈಗೆ ಹಚ್ಚುವ ಅಭ್ಯಂಗದ ಎಣ್ಣೆಯ ವಿಷಯ ಬಂದಾಗ ಫಾದರ್ ನಗಿಸುತ್ತಿದ್ದರು. "ಇದು ಮ್ಯಾಲಿನ ಬಸ್ಸಿನ ಟಿಕೆಟ್ ಅಲ್ರಪ್ಪ. ಜಡ್ಡಾದವರಿಗೆ ಧೈರ್ಯ ಕೊಡೋ ಎಣ್ಣಿ. ಉಸಿರು ಗಂಟಲಿಗೆ ಬರೋ ತನಕ ಕಾಯಬ್ಯಾಡ್ರಿ, ಮೊದಲ ಕರೀರಿ."

ಮಾನ್ವಿಯ ಮಂದಿ ನಕ್ಕಿದ್ದರು, ತಲೆಯಾಡಿಸಿದ್ದರು. ಒಪ್ಪಿಕೊಂಡರೆಂದೇ ಲೂರ್ದಮ್ಮ ನಂಬಿಬಿಟ್ಟಳು.

ಅಲ್ಲಿಯ ಬಡಗಿ ಶೌರಪ್ಪನ ತಾಯಿ ಬಾಲಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆ. ದೊಡ್ಡ ದವಾಖಾನೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ಆದರೂ ಬಾಲಮ್ಮ ಮಂಚದ ಮೇಲೆ ಕೂತು ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದಳು. ಈಗಲೇ ಅಭ್ಯಂಗ ಕೊಟ್ಟರೆ ಇದು ಸಾವಿನ ಎಣ್ಣೆಯಲ್ಲವೆಂದು ಓಣಿಗೆಲ್ಲ ಕಣ್ಣಾರೆ ತೋರಿಸಿದಂತಾಗುತ್ತದೆ ಎಂದು ಲೂರ್ದಮ್ಮನೇ ಫಾದರ್‌ಗೆ ಹೇಳಿದಳು. ಮನೆಯವರಿಗೆ ಮುಂಚೆ ಒಂದು ಮಾತು ತಿಳಿಸಬೇಕೆಂಬುದು ಅವಳಿಗೆ ಹೊಳೆಯಲಿಲ್ಲ.

ಓಣಿಯ ತುದಿಯಲ್ಲಿ ಫಾದರ್‌ನ ಕೊರಳ ನೇರಳೆ ಪಟ್ಟಿ, ಕೈಯಲ್ಲಿನ ಬಾಟಲಿ ಕಂಡದ್ದೇ ಬಾಲಮ್ಮನ ನಾದಿನಿ ರಾಯಮ್ಮ ಎದೆ ಬಡಿದುಕೊಂಡಳು. "ಸ್ವಾಮಿಗಳು ಎಣ್ಣಿ ತಂದ್ರಲ್ಲೋ! ಟೈಮ್ ಬಂತಲ್ಲೋ! ಇಳಸ್ರಿ, ಜಲ್ದಿ ಇಳಸ್ರಿ!"

ಮಂಚದ ಮೇಲೆ ಜೀವ ಹೋಗಬಾರದು, ನೆಲದ ಮೇಲೆಯೇ ಹೋಗಬೇಕು. ಜ್ಞಾನಸ್ನಾನ ಪಡೆದು ಎಷ್ಟೋ ತಲೆಮಾರು ಕಳೆದರೂ ಆ ಓಣಿಯಲ್ಲಿ ಈ ಪದ್ಧತಿ ಹೋಗಿರಲಿಲ್ಲ. ಫಾದರ್ ಹೊಸ್ತಿಲು ದಾಟುವುದರೊಳಗೆ ಹೆಂಗಸರು ಸೇರಿ ಬಾಲಮ್ಮನನ್ನು ನೆಲದ ಪರಸಿ ಕಲ್ಲಿನ ಮೇಲೆ ಕಂಬಳಿ ಹಾಸಿ ಮಲಗಿಸಿ, ಅಳುವುದಕ್ಕೆ ಶುರುಮಾಡಿದ್ದರು.

ನೆಲದ ಮೇಲಿನಿಂದ ಬಾಲಮ್ಮನ ದನಿ ಬಂತು. "ನಾ ಇನ್ನ ಅದೀನಿ ಬೇ. ಈಗ ಈಟು ಅತ್ರ ಆಮ್ಯಾಲ ದನಿ ಉಳೀತದೇನು?"

ಅಳು ಒಮ್ಮೆಲೇ ನಿಂತಿತು. ಯಾರಿಗೂ ನಗಲು ಧೈರ್ಯವಾಗಲಿಲ್ಲ.

"ಹಂಗಾರ ಎತ್ತಿ ಮಂಚದ ಮ್ಯಾಲೆ ಮಲಗಸೂಣ," ಎಂದು ಲೂರ್ದಮ್ಮ ಸೆರಗು ಸಿಕ್ಕಿಸಿ ಬಾಗಿದಳು.

ರಾಯಮ್ಮ ಅವಳ ಮಣಿಕಟ್ಟು ಹಿಡಿದಳು. "ಮುಟ್ಟಬ್ಯಾಡ! ಇಳಿಸಿದ ಮ್ಯಾಲ ನೆಲಕ್ಕೂ ಮೈಗೂ ನಡುವ ಗಾಳಿ ಆಡಬಾರದು. ಇಳಿದ ಜೀವ ಏರಿದ್ರ, ಅದರ ಬದಲಿ ಮನಿಯೊಳಗಿಂದ ಇನ್ನೊಂದು ಹೋಗ್ತದ."

ಎಲ್ಲರ ಕಣ್ಣೂ ಒಟ್ಟಿಗೆ ಅಡುಗೆಮನೆಯ ಬಾಗಿಲ ಕಡೆ ತಿರುಗಿದವು. ಅಲ್ಲಿ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು ತೇರಜಿ. ಬಾಲಮ್ಮನ ಒಬ್ಬಳೇ ಮಗಳು, ಚೊಚ್ಚಲ ಹೆರಿಗೆಗೆಂದು ಚೀಕಲಪರ್ವಿಯಿಂದ ತವರಿಗೆ ಬಂದವಳು.

ಫಾದರ್ ಇದು ವಿಶ್ವಾಸದ ಮಾತಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದರು. ಎಲ್ಲರೂ ಕೈಮುಗಿದು ಕೇಳಿದರು. ಒಬ್ಬರೂ ಬಾಲಮ್ಮನನ್ನು ಎತ್ತಲಿಲ್ಲ.

ಅಷ್ಟರಲ್ಲಿ ಶೌರಪ್ಪ ಬಂದದ್ದು, ಗರಗಸ ಹಿಡಿದುಕೊಂಡು.

*

ಫಾದರ್ ಬಾಟಲಿ ತೆರೆಯದೆಯೇ ಹಿಂದಿರುಗಿದರು. ಲೂರ್ದಮ್ಮ ಮಾತ್ರ ಚರ್ಚಿನ, ಅಲ್ಲಿಯವರ ಮಾತಿನಲ್ಲಿ ಗುಡಿಯ, ಪಕ್ಕದ ಸಿಸ್ಟರುಗಳ ಮನೆಯಲ್ಲಿ ಉಳಿದಳು. ಹಬ್ಬದವರೆಗೆ ಮಾನ್ವಿ, ದೇವದುರ್ಗದ ಸಭೆಗಳು ಇದ್ದವು ಎಂಬುದು ಒಂದು ನೆಪ. ನಿಜಕ್ಕೆ ಆ ತಣ್ಣನೆಯ ಕಲ್ಲು ಅವಳ ಬೆನ್ನಿಗೇ ಅಂಟಿಕೊಂಡಂತಾಗಿತ್ತು.

ಬೆಳಿಗ್ಗೆ ಎದ್ದೊಡನೆ ಬಾಲಮ್ಮನ ಮನೆಗೆ ಹೊರಡುವಳು. ಓಣಿಯ ತಿರುವಿನಲ್ಲಿ ನಿಂತು ಮೊದಲು ಕಿವಿಗೊಡುವಳು. ಅಳುವಿನ ಸದ್ದಿಲ್ಲ. ಆಮೇಲೆ ಉಸಿರು ಬಿಟ್ಟು ಮುಂದೆ ಹೆಜ್ಜೆ ಇಡುವಳು.

ಪಕ್ಕದ ಮನೆಯ ಅಮೀರ್ ಬೀ ಹತ್ತಿ ಹಿಂಜಿ ಗಾದಿ ಹೊಲಿಯುವವಳು, ಓಣಿಯ ಹೆರಿಗೆಗಳನ್ನೂ ಮಾಡಿಸುವವಳು. ಅವಳೇ ಒಂದು ಗಾದಿ ತಂದುಕೊಟ್ಟಳು. ಕಲ್ಲಿನ ಥಂಡಿಗೆ, ಮೈ ಒರೆಸಿದ ನೀರಿಗೆ ಅದು ಎರಡೇ ದಿನಕ್ಕೆ ಒದ್ದೆಯಾಗಿ ಗಂಟುಗಂಟಾಯಿತು. ಬಾಲಮ್ಮನಿಗೆ ಒರಗಲು ಏನೂ ಇರಲಿಲ್ಲ. ಅದೇ ಕೋಣೆಯಲ್ಲಿ ಖಾಲಿ ಮಂಚ ನಿಂತಿತ್ತು. ಅವಳು ದಿನವಿಡೀ ಅದನ್ನೇ ನೋಡುತ್ತ ಮಲಗಿರುತ್ತಿದ್ದಳು, ತನ್ನ ಜಾಗದಲ್ಲಿ ಬೇರೆ ಯಾರೋ ಕಾಣದವರು ಮಲಗಿದ್ದಾರೋ ಎಂಬಂತೆ.

ಶೌರಪ್ಪ ಮಾತಾಡುತ್ತಿರಲಿಲ್ಲ. ಲೂರ್ದಮ್ಮ ಬಂದರೆ ಬಿಸಿನೀರಿನ ಕೊಡ ಹೊಸ್ತಿಲಲ್ಲಿಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದ. ಅವಳು ತಾಯಿಯ ಬೆನ್ನಿನ ಹುಣ್ಣು ತೊಳೆದು, ಪುಡಿ ಹಾಕಿ, ಮಗ್ಗುಲು ತಿರುಗಿಸುವಾಗ ಕಿಟಕಿಯ ಸರಳಿನಾಚೆ ಅವನ ಭುಜ ಮಾತ್ರ ಕಾಣುವುದು. ತಾಯಿ ನರಳಿದರೆ ಆ ಭುಜ ಸೆಟೆಯುವುದು. ಲೂರ್ದಮ್ಮನಿಗೆ ಆ ಭುಜದ ಭಾಷೆ ತಿಳಿಯತೊಡಗಿತು.

ಒಂದು ದಿನ ಅವಳು ಮಂಡಿಯೂರಿ ಎದ್ದಾಗ ಸೀರೆಯ ಮಂಡಿ ಜಾಗ ತೊಯ್ದು ಕೊಳೆಯಾಗಿತ್ತು. ಮುಜುಗರದಿಂದ ಕೊಡವಿಕೊಂಡು ತಲೆಯೆತ್ತಿದರೆ ಅವನು ನೋಡುತ್ತಿದ್ದ. ನೋಡಿದ್ದು ಸಿಕ್ಕಿಬಿದ್ದವನಂತೆ ಅವಸರದಲ್ಲಿ ಗಿರಣಿಯ ಹೊಗೆಯ ಕಡೆ ತಿರುಗಿಕೊಂಡ.

ಮರುದಿನ ಬಾಲಮ್ಮನ ಮಗ್ಗುಲಲ್ಲಿ ಪುಟ್ಟದೊಂದು ಮಣೆ ಇತ್ತು. ನಯವಾಗಿ ಕೆತ್ತಿದ್ದು, ಅಂಚು ಉಜ್ಜಿ ದುಂಡಗೆ ಮಾಡಿದ್ದು, ಇನ್ನೂ ಹಸಿ ಬೇವಿನ ವಾಸನೆಯದು.

"ಯಾರಿಗ್ರಿ ಇದು?" ಎಂದಳು, ಕಿಟಕಿಯ ಕಡೆ ತಿರುಗದೆ.

"ಯಾರಿಗೂ ಅಲ್ಲ. ಕಟಗಿ ತುಂಡು ಉಳದಿತ್ತು."

"ಉಳದ ತುಂಡಿಗೆ ಈಟು ಪಾಲಿಶ್ ಯಾಕ್ರಿ ಬಡಿಗ್ಯಾರ?"

ನೆಲದ ಮೇಲಿನಿಂದ ಬಾಲಮ್ಮ ಹೇಳಿದಳು. "ಮುಂಜಾನಿ ಚಾ ಸೈತ ಕುಡೀದೆ ಉಜ್ಜಾಕತ್ತಿದ್ದ. ಕುಂದ್ರವ್ವಾ, ಇಲ್ಲಾಂದ್ರ ಇನ್ನೊಂದು ಮಾಡ್ತಾನ."

"ಯವ್ವಾ!" ಎಂದಿತು ಕಿಟಕಿ.

ಲೂರ್ದಮ್ಮ ಮಣೆಯ ಮೇಲೆ ಕೂತಳು. ಆ ಮನೆಗೆ ಬಂದಾಗಿನಿಂದ ಮೊದಲ ಸಲ ನಗು ಬಂತು; ಬಂದದ್ದಕ್ಕೆ ನಾಚಿಕೆಯೂ ಆಯಿತು. ಹೊರಡುವಾಗ ಹೊಸ್ತಿಲಲ್ಲಿ ಅವನು ದಾರಿ ಬಿಡಲಿಲ್ಲ.

"ಅವತ್ತ ಗರಗಸ ಹಿಡದು ಒದರಿದೆ. ಅದು ಹಿಡದಿದ್ದು ನನಗ ಗೊತ್ತ ಇದ್ದಿಲ್ಲ," ಎಂದ, ನೆಲ ನೋಡುತ್ತ.

"ನನಗ ಗೊತ್ತಿತ್ತು," ಎಂದಳು ಲೂರ್ದಮ್ಮ. "ಅದಕ್ಕ ಹಿಂದ ಸರದೆ."

ಅವನು ತಲೆಯೆತ್ತಿದ. ಹುಬ್ಬಿನ ಮೇಲೆ ಅದೇ ಕಟ್ಟಿಗೆಯ ಹೊಟ್ಟು. ಊದಿಬಿಡಬೇಕೆನ್ನಿಸಿತು ಅವಳಿಗೆ. ಚೀಲ ಎದೆಗವಚಿಕೊಂಡು ಸರಸರ ನಡೆದುಬಿಟ್ಟಳು.

*

ದೇವದುರ್ಗದ ಸಭೆ ಗುಡಿಯ ಮುಂದಿನ ಬೇವಿನ ಮರದ ಕೆಳಗೆ ನಡೆಯಿತು. ಹತ್ತಿ ಬಿಡಿಸಿ ಬಂದ ಹೆಂಗಸರು ಹೆಚ್ಚು, ಸೆರಗಿನಲ್ಲಿನ್ನೂ ಅರಳೆಯ ಎಳೆಗಳು. ಲೂರ್ದಮ್ಮ ಎಂದಿನಂತೆ ಹೇಳಿದಳು. ಹಾಸಿಗೆ ಹಿಡಿದವರ ಮುಂದೆ ಅವರಿಲ್ಲವೆಂಬಂತೆ ಮಾತಾಡಬೇಡಿ, ಮೈ ತೊಳೆಯುವಾಗ ಮರೆ ಮಾಡಿ, ಊಟಕ್ಕೇನು ಬೇಕು ಕೇಳಿ. ಆಮೇಲೆ ಮಾನ್ವಿಯ ಸಂಗತಿಯನ್ನೂ ಹೆಸರೆತ್ತದೆ ಹೇಳಿದಳು. ಮುದುಕಿಯನ್ನು ನೆಲದಿಂದ ಎತ್ತಲು ತಾನು ಹೇಗೆ ಮನೆಯವರೊಡನೆ ವಾದಿಸುತ್ತಿದ್ದೇನೆ ಎಂದು.

ಹಿಂದೆ ಕೂತಿದ್ದ ಬಸವಂತಮ್ಮ ಎಂಬ ಹಿರಿಯಳೊಬ್ಬಳು ಎದ್ದಳು. ಗುಡಿಗೆ ಬರುವವಳಲ್ಲ, ಕೊರಳಲ್ಲಿ ಲಿಂಗ, ಗೆಳತಿಯ ಜೊತೆಗೆಂದು ಬಂದವಳು.

"ನೀ ಹೇಳೋದು ಖರೇ ಅದವ್ವಾ. ಆದ್ರ ಆ ಮುದುಕಿ ಏನಂತಾಳ?"

ಲೂರ್ದಮ್ಮ ಒಂದೊಂದಾಗಿ ನೆನಪಿಸಿಕೊಂಡಳು.

ಫಾದರ್‌ನ್ನು ಕೇಳಿದ್ದಳು. ರಾಯಮ್ಮನ ಜೊತೆ ಜಗಳಾಡಿದ್ದಳು. ತೇರಜಿಗೆ ಧೈರ್ಯ ಹೇಳಿದ್ದಳು. ಬಾಲಮ್ಮನನ್ನು ಮಾತ್ರ ಎಣ್ಣೆ ತರುವ ದಿನವೂ ಕೇಳಿರಲಿಲ್ಲ, ಎತ್ತುವ ಮಾತಿನಲ್ಲೂ ಕೇಳಿರಲಿಲ್ಲ. ಊರೂರು ತಿರುಗಿ ಹೇಳುವ ಮಾತನ್ನು ಅವಳೇ ಮರೆತಿದ್ದಳು.

ಮರಳುವಾಗ ಸಿರವಾರದಲ್ಲಿ ಬಸ್ಸು ಬದಲಿಸಬೇಕಿತ್ತು. ಮಾನ್ವಿಯ ಬಸ್ಸು ಎಷ್ಟು ಹೊತ್ತಾದರೂ ಬರಲಿಲ್ಲ. ಬಿಸಿಲು ಇಳಿಯತೊಡಗಿತು. ಬಿಳಿಜೋಳದ ಹೊಲಗಳ ಮೇಲಿಂದ ಥಂಡಿ ಗಾಳಿ ಬೀಸಿದಾಗಲೆಲ್ಲ ಅವಳಿಗೆ ಆ ಕಲ್ಲು ನೆನಪಾಗುವುದು. ನಾನು ಕೇಳುವುದರೊಳಗೆ ಹೇಳುವವರೇ ಇಲ್ಲದಂತಾದರೆ? ಸೀರೆಯ ಚುಂಗನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ನೀಲಿಯಾಯಿತು.

ಕೊನೆಗೆ ಬಸ್ಸು ಸಿಕ್ಕು ಮಾನ್ವಿಯಲ್ಲಿಳಿದವಳು ಓಡಿಯೇ ಹೋದಳು. ಓಣಿಯ ತಿರುವಿನಲ್ಲಿ ನಿಂತು ಕಿವಿಗೊಡಲೂ ಇಲ್ಲ.

ಬಾಲಮ್ಮ ಎಚ್ಚರವಿದ್ದಳು. ಲೂರ್ದಮ್ಮ ಮಣೆ ಎಳೆದುಕೊಂಡು ಅವಳ ಮುಖದ ಹತ್ತಿರ ಕೂತಳು.

"ಯವ್ವಾ, ನಿಮಗೇನು ಬೇಕು? ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮಂಚದ ಮ್ಯಾಲೆ ಮಲಗೋ ಮನಸ್ಸದೇನು?"

ಬಾಲಮ್ಮ ಕಣ್ಣನ್ನು ಖಾಲಿ ಮಂಚದ ಕಡೆ ಹೊರಳಿಸಿದಳು.

"ಮನಸ್ಸದ. ಎಲುವಿನೊಳಗ ಥಂಡಿ ಹೊಕ್ಕಾದ. ಆ ಮಂಚ ನನ್ನ ಮದವಿಗೆ ನಮ್ಮ ಯಜಮಾನ್ರು ತಮ್ಮ ಕೈಲೆ ಮಾಡಿದ್ದು. ಆದ್ರ ಎತ್ತಬ್ಯಾಡ್ರಿ."

"ಯಾಕ್ರಿ? ರಾಯಮ್ಮನ ಮಾತು ನೀವೂ ನಂಬ್ತೀರೇನು?"

"ನಂಬತೀನೋ ಇಲ್ಲೋ, ಅದಲ್ಲ. ಹೆರಿಗಿ ಅಂದ್ರ ಹೆರಿಗಿ. ಏನಾರ ಒಂದು ಹೆಚ್ಚುಕಮ್ಮಿ ಆತಂದ್ರ, ಅವ್ವ ಮಂಚ ಏರಿದ್ದಕ್ಕ ಹಿಂಗಾತು ಅಂತಾರ ಮಂದಿ. ತೇರಜಿ ಬಾಯಿಲೆ ಅನ್ನಲಿಕ್ಕಿಲ್ಲ. ಮನಸ್ಸಿನಾಗ ಅಂತಾಳ, ಜಲ್ಮಪೂರ್ತಿ. ನನಗ ನಾಕ ದಿನದ ಥಂಡಿ. ಅಕಿಗೆ ಜಲ್ಮದ್ದು ಯಾಕ?"

ಲೂರ್ದಮ್ಮ ಅವಳ ಕಂಬಳಿ ಸರಿಮಾಡಿದಳು. ಎದ್ದು ಹಿತ್ತಲಿಗೆ ಹೋದಳು. ಬಚ್ಚಲ ಕಲ್ಲಿನ ಹತ್ತಿರ ಶೌರಪ್ಪ ಕೂತಿದ್ದ. ಗೋಡೆ ತೆಳುವು, ಎಲ್ಲ ಕೇಳಿಸಿಕೊಂಡಿದ್ದ. ಅವಳು ಮುಖ ಮರೆಸಿಕೊಳ್ಳಲಿಲ್ಲ. ಅಳು ಅದರಷ್ಟಕ್ಕೇ ಹರಿಯಿತು.

"ಕೇಳಬಾರದಿತ್ತೇನೋ," ಎಂದ ಅವನು ಮೆಲ್ಲಗೆ.

"ಕೇಳಬೇಕಿತ್ರಿ. ಮೊದಲ ದಿನಾನ ಕೇಳಬೇಕಿತ್ತು. ಈಗ ಎತ್ತಿದ್ರ ಅವರ ಮಾತು ಮುರೀತದ, ಬಿಟ್ರ ಅವರ ಎಲುವು ಮುರೀತದ." ಮೂಗೊರೆಸಿಕೊಂಡು ಮಂಚದ ಮೇಲಿನ ಸಿಟ್ಟನ್ನೆಲ್ಲ ಕಾರಿದಳು. "ಆ ಸುಡುಗಾಡು ಮಂಚಕ್ಕ ಕಾಲು ಯಾಕ ಹಚ್ಚತೀರಿ ನೀವು ಬಡಿಗ್ಯಾರು? ಕಾಲಿಲ್ದಿದ್ರ ಎಲ್ಲ ಚಲೋ ಇರತಿತ್ತು!"

ಶೌರಪ್ಪ ಅವಳನ್ನು ನೋಡಿದ. ಬಾಯಿ ಅರ್ಧ ತೆರೆದು, ಹುಬ್ಬು ಮೇಲೇರಿ, ಯಾರೋ ದೀಪ ಹಿಡಿದು ಬಂದಂತೆ ಮುಖವೆಲ್ಲ ಬೆಳಗಾಗುತ್ತ ಹೋಯಿತು.

"ಏನಂದ್ರಿ?"

"ಏನಿಲ್ಲ. ಸಿಟ್ಟಿಗೆ ಅಂದೆ."

"ಅಲ್ಲ ಅಲ್ಲ. ಇನ್ನೊಮ್ಮೆ ಅನ್ರಿ."

*

ಮರುದಿನ ಬೆಳಿಗ್ಗೆ ಅವನು ಗರಗಸ ಹಿಡಿದು ತಾಯಿಯ ಮುಂದೆ ನಿಂತ. ಈ ಸಲ ಹಿಡಿದದ್ದು ಅವನಿಗೆ ಗೊತ್ತಿತ್ತು.

"ಯವ್ವಾ, ಒಂದು ಮಾತು ಕೇಳ್ತೀನಿ. ನಿನ್ನ ಮಂಚದ ಕಾಲು ಕೊಯ್ಯಲೇನು?"

ತನ್ನ ಉಪಾಯ ಹೇಳಿದ. ಬಾಲಮ್ಮ ಮೊದಲು ಮಂಚ ನೋಡಿದಳು. ಕಡೆದು ಗೆರೆ ಕೊರೆದ ಸಾಗವಾನಿಯ ಕಾಲುಗಳು, ಸತ್ತ ಗಂಡನ ಕೈಕೆಲಸ. ಆಮೇಲೆ ಮಗನನ್ನು ನೋಡಿದಳು. ಆಮೇಲೆ, ಬೇಕೆಂದೇ ನಿಧಾನವಾಗಿ, ಲೂರ್ದಮ್ಮನನ್ನು ನೋಡಿದಳು.

"ಕೊಯ್ಯಿ. ಆದ್ರ ಕಾಲು ಒಲಿಗೆ ಹಾಕೀಯ ಮತ್ತ. ಎತ್ತಿಡು."

"ಯಾಕ ಬೇ?"

"ಎತ್ತಿಡು ಅಂದ್ರ ಎತ್ತಿಡು."

ಅವನು ಕೊಯ್ಯುವಾಗ ಲೂರ್ದಮ್ಮ ಮಂಚದ ಚೌಕಟ್ಟು ಅಲುಗದಂತೆ ಹಿಡಿದಳು. ಗರಗಸ ಹೋಗಿಬರುವಾಗ ಅವನ ಉಸಿರು ಅವಳ ಕೈಗೆ ತಾಕುತ್ತಿತ್ತು. ಒಂದೊಂದು ಕಾಲು ಬಿದ್ದಾಗಲೂ ಅವನು ಅರೆಗಳಿಗೆ ಕಣ್ಣುಮುಚ್ಚುತ್ತಿದ್ದ. ನವಾರು ಪಟ್ಟಿ ಬಿಚ್ಚಿ, ನೆಲಕ್ಕೆ ಒತ್ತಿಕೊಳ್ಳುವಂತೆ ಹಲಗೆ ಕೂರಿಸಿದ. ತಲೆಯ ಕಡೆ ಏರಿಸಿ ಇಳಿಸಲು ಬರುವ ಒರಗುಹಲಗೆ ಜೋಡಿಸಿದ. ಅಮೀರ್ ಬೀ ಗಾದಿಯ ಹತ್ತಿ ಬಿಸಿಲಿಗೆ ಹಾಕಿ, ಮತ್ತೆ ಹಿಂಜಿ, ಹೊಸ ಬಟ್ಟೆಯಲ್ಲಿ ಹೊಲಿದು ತಂದಳು.

"ಬಾಲಮ್ಮಕ್ಕ, ಬಾದಶಾನ ಬೇಗಂಗೂ ಇಂಥಾ ಗಾದಿ ಇದ್ದಿದ್ದಿಲ್ಲ ನೋಡು."

ರಾಯಮ್ಮ ಬಂದಳು. ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಿದು?"

"ಹಲಗಿ ಅತ್ತಿ," ಎಂದ ಶೌರಪ್ಪ.

"ಮಂಚ ಇದು. ನಮ್ಮಣ್ಣ ಮಾಡಿದ ಮಂಚ. ನನಗ ಗುರತು ಸಿಗಂಗಿಲ್ಲೇನು?"

"ಮಂಚ ಆದ್ರ ಕಾಲೆಲ್ಲಿ ಅದಾವ, ತೋರಸು."

ರಾಯಮ್ಮ ಕುಕ್ಕರಗಾಲಲ್ಲಿ ಕೂತು ಹಲಗೆಯ ಕೆಳಗೆ ಬೆರಳು ತೂರಿಸಲು ನೋಡಿದಳು. ಈ ಕಡೆ ತೂರಲಿಲ್ಲ, ಆ ಕಡೆ ತೂರಲಿಲ್ಲ. ಗಾಳಿಗೂ ಜಾಗವಿರಲಿಲ್ಲ. ಅವಳೂ ಅತ್ತಿಗೆಯನ್ನು ದಿನವೂ ಆ ಕಲ್ಲಿನ ಮೇಲೆ ನೋಡಿದವಳೇ.

"ಎತ್ತಬ್ಯಾಡ್ರಿ," ಎಂದಳು ಕೊನೆಗೆ, ದನಿ ಒಡೆದು. "ಜಾರಸ್ರಿ. ಚಾದರ ಹಿಡದು ಜಾರಸ್ರಿ. ನಾನೂ ಒಂದು ಚುಂಗ ಹಿಡೀತೀನಿ."

ನಾಲ್ವರು ನಾಲ್ಕು ಮೂಲೆ ಹಿಡಿದರು. ಕಲ್ಲಿನಿಂದ ಹಲಗೆಯ ಅಂಚಿಗೆ, ಅಂಚಿನಿಂದ ಗಾದಿಗೆ, ಬಾಲಮ್ಮ ನೆಲ ಬಿಡದೆ ಜಾರಿಬಂದಳು. ಒರಗುಹಲಗೆ ಏರಿಸಿದಾಗ ತೆರೆದ ಬಾಗಿಲಾಚೆ ಓಣಿ ಕಂಡಿತು. ಕೋಳಿ, ಸೈಕಲ್ಲು, ಎದುರುಮನೆಯ ಗೋಡೆಯ ಮೇಲಿನ ಬಿಸಿಲು. ಅವಳು ಒಂದೊಂದನ್ನೇ ನೋಡುತ್ತ ಒರಗಿದಳು.

ಲೂರ್ದಮ್ಮ ತಲೆಯೆತ್ತಿದಾಗ ಎದುರು ಮೂಲೆಯ ಚಾದರ ಇನ್ನೂ ಶೌರಪ್ಪನ ಮುಷ್ಟಿಯಲ್ಲಿತ್ತು. ಅವನು ತಾಯಿಯನ್ನು ನೋಡುತ್ತಿರಲಿಲ್ಲ.

*

ಅದೇ ವಾರ ತೇರಜಿಗೆ ಬೇನೆ ಕಾಣಿಸಿಕೊಂಡಿತು.

ಬೆಳಗಿನಲ್ಲಿ ಶುರುವಾದದ್ದು ಮಧ್ಯಾಹ್ನವಾದರೂ ಮುಂದಕ್ಕೆ ಹೋಗಲಿಲ್ಲ. ಒಳಕೋಣೆಯಲ್ಲಿ ಅಮೀರ್ ಬೀ, ಲೂರ್ದಮ್ಮ. ಹೊರಗೆ ಕಾಲಿಲ್ಲದ ಮಂಚದ ಮೇಲೆ ಬಾಲಮ್ಮ ಜಪಸರ ಹಿಡಿದು ಕೂತಿದ್ದಳು. ಮಣಿ ಮುಂದೆ ಸರಿಯುತ್ತಿರಲಿಲ್ಲ. ಮೂಲೆಯಲ್ಲಿ ರಾಯಮ್ಮ, ಕಣ್ಣು ಮಂಚದ ಅಂಚಿನ ಮೇಲೆ.

ನೀರಿಗೆಂದು ಹೊರಬಂದಾಗಲೆಲ್ಲ ಲೂರ್ದಮ್ಮನಿಗೆ ಆ ನೋಟ ಚುಚ್ಚುವುದು. ಏನಾದರೂ ಆದರೆ? ಹಲಗೆ ಎಂದರೂ ಅದು ಮಂಚವೇ ಎಂದು ಯಾರಾದರೂ ಅಂದರೆ? ಅಂದದ್ದನ್ನು ಶೌರಪ್ಪ ಜೀವಮಾನವೆಲ್ಲ ಹೊರಬೇಕು. ಕೊಯ್ದ ಕೈ ಅವನದು. ಕೊಯ್ಯುವ ಮಾತು ಬಂದದ್ದು ತನ್ನ ಬಾಯಿಂದ.

ಮನೆಯ ಮುಂದೆ ಶೌರಪ್ಪ ಜೀಪು ತಂದು ನಿಲ್ಲಿಸಿದ್ದ, ಗಿರಣಿಯವರದು. "ರಾಯಚೂರಿಗೆ ಒಯ್ಯೂಣೇನು?"

"ಇನ್ನೊಂದೀಟು ನೋಡೂಣ್ರಿ. ಕೂಸಿನ ಎದಿಬಡಿತ ಗಟ್ಟಿ ಅದ."

"ನೀವೂ ಅಂಜಾಕತ್ತೀರಿ."

"ಹೌದು. ನನ್ನ ಮಾರಿ ನೋಡಬ್ಯಾಡ್ರಿ."

ಅವನು ಕೊಡ ತೆಗೆದುಕೊಳ್ಳುವ ನೆಪದಲ್ಲಿ ಅವಳ ಕೈಯನ್ನು ಒಂದು ಗಳಿಗೆ ತನ್ನ ಎರಡೂ ಕೈಗಳ ನಡುವೆ ಹಿಡಿದ. ಕಾಯಿಕಟ್ಟಿದ, ಒರಟು, ಬಿಸಿಯಾದ ಕೈ. ಅಂಜಿಕೆ ಹೋಗಲಿಲ್ಲ. ಆದರೆ ಈಗ ಅಂಜುತ್ತಿದ್ದುದು ಅವಳೊಬ್ಬಳೇ ಅಲ್ಲ.

ಗಿರಣಿಯ ಸಂಜೆಯ ಸೀಟಿ ಊದುವ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಬಂತು, ಸೀಟಿಯನ್ನೂ ಮೀರಿಸಿ.

ಅಮೀರ್ ಬೀ ಹೊರಗೆ ತಲೆಹಾಕಿದಳು. "ಹೆಣ್ಣು! ತಾಯಿ ಆರಾಮ, ಮಗಳು ಆರಾಮ. ಎಲ್ಲಾರೂ ಮಾರಿ ಯಾಕ ಹಿಂಗ ಮಾಡೀರಿ, ಬೆಲ್ಲ ತರ್ರಿ!"

ರಾಯಮ್ಮ ಗೋಡೆಗೊರಗಿ ಹೋ ಎಂದು ಅತ್ತಳು.

ಮಂಚ ಎತ್ತರವಿರಲಿಲ್ಲವಲ್ಲ, ತೇರಜಿ ಎದ್ದು ಓಡಾಡುವಂತಾದ ಮೇಲೆ ನೆಲದ ಮೇಲೆ ಕೂತೇ ಕೂಸನ್ನು ಅಜ್ಜಿಯ ಮಗ್ಗುಲಲ್ಲಿ ಮಲಗಿಸಿದಳು. ಅಂದಿನಿಂದ ಆ ಮನೆಯಲ್ಲಿ ಯಾರೂ ಕುರ್ಚಿಯ ಮೇಲೆ ಕೂರಲಿಲ್ಲ. ಉಣ್ಣುವುದು, ಹರಟುವುದು, ಜಗಳ, ಎಲ್ಲ ಬಾಲಮ್ಮನ ಸುತ್ತ, ನೆಲದ ಮೇಲೆ.

ಫಾದರ್ ಅಂತಪ್ಪನವರು ಈ ಸಲ ಮುಂಚೆ ಹೇಳಿಕಳಿಸಿ, ಹೊಸ್ತಿಲಲ್ಲಿ ನಿಂತು ಕೇಳಿದರು. "ಬಾಲಮ್ಮ, ಅಭ್ಯಂಗ ಕೊಡಲೇನು?"

"ಇವತ್ತು ಬ್ಯಾಡ್ರಿ ಸ್ವಾಮಿ. ತಲಿ ಹಿಕ್ಕಿಸಿಗೊಂಡಿಲ್ಲ. ನಾಳಿ ಬರ್ರಿ."

ಮರುದಿನ ಲೂರ್ದಮ್ಮ ಅವಳ ಕೂದಲು ಬಾಚಿ ಸಣ್ಣ ತುರುಬು ಕಟ್ಟಿದಳು. ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿಸಿಕೊಳ್ಳುವಾಗ ಓಣಿಯ ಮಂದಿಯೆಲ್ಲ ಒಳಗೆ ಬಂದು ಕೂತು ನೋಡಿದರು. ಯಾರೂ ಅಳಲಿಲ್ಲ.

ಹಬ್ಬ ಕಳೆದ ಮೇಲೆ, ಒಂದು ಮಧ್ಯಾಹ್ನ, ಮೊಮ್ಮಗಳ ಮುಷ್ಟಿಯಲ್ಲಿ ಬೆರಳು ಸಿಕ್ಕಿಸಿಕೊಂಡಂತೆಯೇ ಬಾಲಮ್ಮ ಹೋದಳು. ಬೇರೆ ಎಲ್ಲಿಗೂ ಇಳಿಸುವ ಅಗತ್ಯ ಬೀಳಲಿಲ್ಲ.

*

ಮಣ್ಣು ಮುಗಿದು, ಗುಡಿಯಲ್ಲಿ ಪೂಜೆಯೂ ಮುಗಿದ ಮೇಲೆ ಲೂರ್ದಮ್ಮ ರಾಯಚೂರಿಗೆ ಹೊರಟಳು. ಅವಳ ಮನಸ್ಸಿನಲ್ಲಿ ಒಂದು ಮಾತು ಹೇಳದೆ ಉಳಿದಿತ್ತು. ಉಳಿಯಲಿ ಎಂದುಕೊಂಡಳು. ದುಃಖದ ಮನೆಯಲ್ಲಿ ಅಂಥ ಮಾತು ಯಾರು ಆಡುತ್ತಾರೆ?

ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಧೂಳು, ಕಡಲೆಕಾಯಿ ಮಾರುವವರ ಕೂಗು. ಕಲ್ಲೂರಿನ ಮೇಲೆ ರಾಯಚೂರಿಗೆ ಹೋಗುವ ಬಸ್ಸು ಆಗಲೇ ನಿಂತಿತ್ತು. ಅವಳು ಕಾಲಿಡುವಷ್ಟರಲ್ಲಿ ಹಿಂದಿನಿಂದ ಸೈಕಲ್ ಗಂಟೆ.

ಶೌರಪ್ಪ. ಕ್ಯಾರಿಯರಿನಲ್ಲಿ ಗೋಣಿಯಲ್ಲಿ ಸುತ್ತಿ ಹಗ್ಗ ಬಿಗಿದ ಗಂಟು.

"ಹೇಳ್ದ ಹೊಂಟ್ರಿ?"

"ಮನ್ಯಾಗ ಮಂದಿ ಇದ್ರು." ಅವಳು ಚೀಲದ ಹಿಡಿ ತಿರುವಿದಳು. "ಹೇಳೋದೇನದ. ಅವತ್ತ ನನ್ನಿಂದಾನ ನಿಮ್ಮವ್ವ ನೆಲಕ್ಕ ಬಂದ್ರು. ಅದು ನನಗ ಮರೀಯಂಗಿಲ್ಲ."

"ನಮಗೂ ಮರೀಯಂಗಿಲ್ಲ. ಅವ್ವ ನೆಲಕ್ಕ ಬಂದ ಮ್ಯಾಲ ನಾವೂ ನೆಲಕ್ಕ ಬಂದು ಅಕಿ ಮಗ್ಗಲಿಗೆ ಕುಂತ್ವಿ. ಮಂಚದ ಮ್ಯಾಲಿದ್ದಾಗ ಎಲ್ಲಾರೂ ನಿಂತ ಮಾತಾಡ್ಸಿ ಹೋಗತಿದ್ವಿ."

ಅವನು ಗೋಣಿ ಬಿಚ್ಚಿದ. ಒಳಗೆ ಸಾಗವಾನಿಯ ನಾಲ್ಕು ಕಾಲು, ಎಣ್ಣೆ ಹಚ್ಚಿ ಒರೆಸಿದ್ದವು.

"ಎತ್ತಿಡು ಅಂದಿದ್ಲಲ್ಲ ಅವ್ವ. ಯಾಕಂತ ಕೊನೀಗೆ ಹೇಳಿದ್ಲು."

"ಯಾಕಂತ್ರಿ?"

"ತಿರುಗಿ ಹಚ್ಚು ಅಂದ್ಲು. ಗೂಟ ಹೊಡದು ಕೂಡಸಿದ್ರ ಗಟ್ಟಿ ನಿಲ್ತಾವ. ಕೊಯ್ದ ಗೆರಿ ಕಾಣ್ತದ. ಕಾಣಲಿ." ಅವನು ಒಂದು ಕಾಲನ್ನು ಕೈಯಲ್ಲಿ ತಿರುವಿದ, ಮುಖ ಕೆಂಪಾಗಿತ್ತು. "ಆದ್ರ ಒಬ್ಬಂವನಿಂದ ಆಗೋ ಕೆಲಸ ಅಲ್ಲ. ನಾ ಹೊಡೀವಾಗ ಚೌಕಟ್ಟು ಅಲುಗದಂಗ ಆ ಕಡಿ ಯಾರಾರ ಹಿಡೀಬೇಕು. ಕೊಯ್ಯುವಾಗ ಹಿಡದವರ ಹಿಡದ್ರ ಚಲೋ."

ಕಂಡಕ್ಟರ್ ಸೀಟಿ ಊದಿದ. "ರಾಯಚೂರು, ರಾಯಚೂರು! ಹತ್ತತೀರೇನಮ್ಮಾ ಇಲ್ಲ ನಿಂತೀರೋ?"

"ನಮ್ಮಪ್ಪನ್ನ ಕೇಳಬೇಕಲ್ರಿ," ಎಂದಳು ಲೂರ್ದಮ್ಮ. ದನಿ ಅವಳಿಗೇ ಕೇಳಿಸಲಿಲ್ಲ.

"ಬರೋ ಭಾನುವಾರ ರಾಯಚೂರಿಗೆ ಬಂದು ಕೇಳ್ತೀನಿ. ಫಾದರ್‌ನೂ ಕೇಳ್ತೀನಿ, ರಾಯಮ್ಮತ್ತಿನೂ ಕೇಳ್ತೀನಿ. ಆದ್ರ ಯಾರ ಸುದ್ದಿನೋ ಅವರನ್ನ ಮೊದಲು ಕೇಳಬೇಕಂತ ನೀವ ಕಲಿಸೀರಿ." ಅವನು ಕಣ್ಣೆತ್ತಿದ. ಮೊದಲ ದಿನದ್ದೇ ಕಣ್ಣು, ತುಂಬಿ ನಿಂತದ್ದು. ಈ ಸಲ ರೆಪ್ಪೆ ಬಡಿಯಲು ಹೆದರಲಿಲ್ಲ. "ಅದಕ್ಕ ಮೊದಲು ನಿಮ್ಮನ್ನ ಕೇಳಾಕತ್ತೀನಿ. ಹಿಡೀತೀರೇನು, ಲೂರ್ದಾ?"

ಬಸ್ಸು ಗುರ್ರೆಂದಿತು. ಅವಳು ಮೆಟ್ಟಿಲು ಹತ್ತಿದಳು. ಶೌರಪ್ಪನ ಮುಖ ಬಾಡುತ್ತಿರುವಂತೆಯೇ ತಿರುಗಿ, ಕೈಚಾಚಿ, ಅವನ ಕೈಯಲ್ಲಿದ್ದ ಆ ಒಂದು ಕಾಲನ್ನು ಕಿತ್ತುಕೊಂಡಳು.

"ಮೂರು ಕಾಲಿನ ಮ್ಯಾಲೆ ಮಂಚ ನಿಂದ್ರಂಗಿಲ್ಲ ಬಡಿಗ್ಯಾರ," ಎಂದಳು. "ಭಾನುವಾರ ತಪ್ಪದ ಬರ್ರಿ."

ಆಮೇಲೆ ಕಿಟಕಿಯಿಂದ ಬಾಗಿ, ಎಷ್ಟೋ ದಿನದಿಂದ ಮಾಡಬೇಕೆಂದಿದ್ದ ಒಂದು ಕೆಲಸ ಮಾಡಿದಳು. ಅವನ ಹುಬ್ಬಿನ ಮೇಲಿನ ಕಟ್ಟಿಗೆಯ ಹೊಟ್ಟನ್ನು ಉಫ್ ಎಂದು ಊದಿಬಿಟ್ಟಳು.